ನೆಲದಿಂದ ಅಳೆದ ಹಲಗೆ

ಈ ಕತೆಯನ್ನು ಮೊದಲು ಹೇಳಿದವರು ಸಂಗೀತದ ಪಂಕಜಾಕ್ಷಮ್ಮ. ಅವರ ಶಿಷ್ಯೆ ಮಂದಾರ ಒಂದು ಪ್ರಶ್ನೆ ಕೇಳಿದ್ದಳು.

"ಟೀಚರ್, ಎಂಟು ದಿನಕ್ಕೆ ಕಛೇರಿ. ನಾನು ಸುಗುಣನ ಪಕ್ಕದಲ್ಲೇ ಕೂತು ಅವಳ ದನಿಗೆ ದನಿ ಸೇರಿಸಿ ಹಾಡ್ತೀನಿ. ಒಂದೆಳೆ ಹೆಚ್ಚುಕಮ್ಮಿ ಇಲ್ಲ. ಆದರೂ ಶ್ರುತಿ ಜಾರಿತು, ಜಾರಿತು ಅಂತೀರಲ್ಲ, ಯಾಕೆ?"

ಪಂಕಜಾಕ್ಷಮ್ಮ ಹೇಳಿದರು:

ಒಬ್ಬಳು ಸೊಸೆ ಇದ್ದಳು. ಅವಳ ಅತ್ತೆಗೆ ಬೆನ್ನಿನ ಆಪರೇಷನ್ ಆಗಿತ್ತು. ಅಂದು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಇನ್ನು ಬಗ್ಗುವಂತಿಲ್ಲ ಎಂದಿದ್ದರು ಡಾಕ್ಟರು. ಆದರೆ ಆ ಅತ್ತೆಯನ್ನು ಬಟ್ಟೆ ಒಗೆಯುವ ಕೋಣೆಯಿಂದ ದೂರ ಇಡುವುದು ಯಾವ ಡಾಕ್ಟರಿಗೂ ಆಗದ ಕೆಲಸ. ಸೋಪು, ಪುಡಿ, ನೀಲಿ, ಬ್ರಷ್ಷು ಎಲ್ಲ ಅಲ್ಲಿ ನೆಲದ ಮೇಲೆಯೇ ಇದ್ದವು. ಬೆಳಿಗ್ಗೆ ಏಳುತ್ತಲೇ ಸೊಸೆಗೆ ಹುರುಪು ಹತ್ತಿತು. ಅತ್ತೆ ಹೊಸ್ತಿಲು ದಾಟುವುದರೊಳಗೆ ಎದೆಯೆತ್ತರಕ್ಕೆ ಒಂದು ಹಲಗೆ ಹೊಡೆದುಬಿಡಬೇಕು. ಅದೂ ತನ್ನ ಕೈಯಿಂದಲೇ.

ಹಲಗೆ ತಂದಳು, ಕೊಯ್ದಳು, ಉಪ್ಪುಕಾಗದ ತಿಕ್ಕಿ ಕೆನ್ನೆಯ ಹಾಗೆ ನುಣುಪು ಮಾಡಿದಳು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಡಗಿಯನ್ನ ಕರೆಯೋದು ಬೇಡ, ಸರಿ. ಮಟ್ಟ ನೋಡೋ ರಸಮಟ್ಟ ಆದರೂ ಇಟ್ಟು ನೋಡೇ."

"ನೀವು ಸ್ಕ್ರೂ ಹಿಡ್ಕೊಳ್ಳಿ ಸಾಕು. ಆ ಕಡೆ ನೆಲದಿಂದ ನಾಲ್ಕಡಿ, ಈ ಕಡೆ ನೆಲದಿಂದ ನಾಲ್ಕಡಿ. ಒಂದು ನೂಲು ವ್ಯತ್ಯಾಸ ತೋರಿಸಿ, ತಿಂಗಳಿಡೀ ನಿಮ್ಮ ಶರ್ಟು ನಾನೇ ಇಸ್ತ್ರಿ ಮಾಡ್ತೀನಿ!"

ಗಂಡ ಟೇಪು ಹಿಡಿದು ನೋಡಿದ. ವ್ಯತ್ಯಾಸ ಇರಲಿಲ್ಲ. ಡ್ರಿಲ್ಲು ಗುರ್ರೆಂದಿತು. ಹಲಗೆ ಗೋಡೆಗೆ ಕೂತಿತು. ಸೋಪು, ಪುಡಿ, ನೀಲಿ ಬಾಟಲಿ ಎಲ್ಲ ಅದರ ಮೇಲೇರಿದವು.

ಅತ್ತೆ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಂದರು. ಸೊಸೆ ಅವರಿಗೆ ಒಂದು ಲೋಟ ನೀರು ಕೈಗೆ ಕೊಟ್ಟು, ಕುಡಿಯಲೂ ಬಿಡದೆ, ನೇರ ಆ ಕೋಣೆಗೇ ನಡೆಸಿಕೊಂಡು ಹೋದಳು. ಮೆರೆಯುವ ಉತ್ಸಾಹದಲ್ಲಿ ವಾಷಿಂಗ್ ಮೆಷಿನ್ನನ್ನೂ ಹಾಕಿದಳು. ಮೆಷಿನ್ನು ಗಿರಗಿರ ತಿರುಗಿತು, ಗೋಡೆ ನಡುಗಿತು. ಹಲಗೆಯ ಮೇಲಿನ ನೀಲಿ ಬಾಟಲಿ ಒಂದೊಂದೇ ಹೆಜ್ಜೆ ಇಡುತ್ತ ಒಂದೇ ದಿಕ್ಕಿಗೆ ಹೊರಟಿತು. ಅಂಚಿಗೆ ಹೋಗಿ, ಕೆಳಗೆ ಬಿಳಿ ಶರ್ಟು ನೆನೆಹಾಕಿದ್ದ ಬಕೆಟ್ಟಿಗೆ ಧುಮುಕಿತು.

"ಇಸ್ತ್ರಿ ಯಾವತ್ತಿಂದ?" ಎಂದ ಗಂಡ.

ಸೊಸೆಯ ಮುಖ ಸಪ್ಪಗಾಯಿತು. ಮತ್ತೆ ಟೇಪು ಹಿಡಿದಳು. ಆ ಕಡೆ ನಾಲ್ಕಡಿ. ಈ ಕಡೆಯೂ ನಾಲ್ಕಡಿ. "ಟೇಪೇ ಸುಳ್ಳು ಹೇಳ್ತಿದೆ ಅತ್ತೆ!"

ಅತ್ತೆ ತಮ್ಮ ಗಂಡನ ಜೊತೆ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ನಗು ಬಂದು ಸೊಂಟ ಹಿಡಿದುಕೊಂಡರು. ನಿಂತಲ್ಲಿಂದಲೇ ಲೋಟದ ನೀರನ್ನು ನೆಲಕ್ಕೆ ಚೆಲ್ಲಿದರು. ನೀರು ಸರಸರನೆ ಮೋರಿಯ ಕಡೆಗೆ ಹರಿಯಿತು. ಬಾಟಲಿ ಹೋದದ್ದೂ ಆ ಕಡೆಗೇ.

"ಟೇಪಿನ ತಪ್ಪಿಲ್ಲ ಕಣೇ. ನೆಲದ್ದೂ ತಪ್ಪಿಲ್ಲ, ನೀರು ಹೋಗಲಿ ಅಂತಲೇ ಅದನ್ನ ಇಳಿಜಾರು ಮಾಡಿರೋದು. ಅದನ್ನ ನಂಬಿ ನೀನು ಅಳತೆ ಹಿಡಿದೆ. ನಿನ್ನ ಹಲಗೇನೂ ಮೋರಿಗೆ ಹೊರಟಿತು."

ಆಮೇಲೆ ಅಟ್ಟದ ಮೇಲಿದ್ದ ಹಳೆಯ ಪ್ಲಾಸ್ಟಿಕ್ ಕೊಳವೆ ತೆಗೆಸಿ ನೀರು ತುಂಬಿಸಿದರು. ಒಂದು ತುದಿ ಮಗನ ಕೈಗೆ, ಒಂದು ತುದಿ ಸೊಸೆಯ ಕೈಗೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಂತಿತು. ಅಲ್ಲಿ ಗುರುತು ಹಾಕಿ ಹಲಗೆಯನ್ನು ಮತ್ತೆ ಕೂರಿಸಿದರು. ಮೆಷಿನ್ನು ಹಾಕಿದರು. ಗೋಡೆ ನಡುಗಿತು, ಬಾಟಲಿ ಕದಲಲಿಲ್ಲ. ಅತ್ತೆ ಬಗ್ಗದೆ ಕೈ ಚಾಚಿ ಸೋಪು ತೆಗೆದುಕೊಂಡರು. ಸೊಸೆ "ಹೋ!" ಎಂದು ಕೂಗಿದ್ದು ಬೀದಿಗೆ ಕೇಳಿಸಿತು.

ಮಂದಾರ ಚಪ್ಪಾಳೆ ತಟ್ಟಿ ನಕ್ಕಳು. "ಪಾಪ, ಅಷ್ಟು ಸರಿಯಾಗಿ ಅಳೆದೂ ಮೋಸ ಹೋದಳಲ್ಲ ಟೀಚರ್!"

ಪಂಕಜಾಕ್ಷಮ್ಮ ಕೇಳಿದರು: "ಹೌದು, ನೀನು ಶ್ರುತಿ ಹಿಡಿಯೋದು ತಂಬೂರಿಯಿಂದಲೋ, ಸುಗುಣನ ಗಂಟಲಿನಿಂದಲೋ?"

ಮಂದಾರ ಎದ್ದು ತಂಬೂರಿಯ ಗವಸು ಬಿಚ್ಚಿದಳು.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಮೋರಿಯನ್ನು ಮಾತ್ರ ಬಿಟ್ಟುಬಿಡಬೇಡಿ.