ತಿಪ್ಪವ್ವನ ಪುಟ್ಟಿಗೆ ಬಿದ್ದ ಚಿನ್ನಿ

ನಮ್ಮ ಅಜ್ಜನ ಅಜ್ಜನಿಗೂ ಮೀಸೆ ಚಿಗುರಿರದ ಕಾಲ. ಆಗ ಹೊನ್ನಿಕೊಪ್ಪ ಅಂತ ಒಂದು ಪೇಟೆಯೂರು ಇತ್ತಂತೆ. ಊರ ನಡುವೆ ಒಂದು ಬಯಲು, ಬಯಲ ತುಂಬ ಚಿನ್ನಿದಾಂಡಿನ ಆಟ. ತಂಡ ಎರಡೇ, ಕೋಟೆಬಾಗಿಲಿನವರು ಮತ್ತು ಕೆರೆದಂಡೆಯವರು. ಮೀಸೆ ನರೆತವರೂ ಊಟ ಬಿಟ್ಟಾರು, ಆಟ ಬಿಡರು. ಚಿನ್ನಿ ನೆಲ ಮುಟ್ಟುವ ಮೊದಲು ಹಿಡಿದವರಿಗೆ ಮುಂದಿನ ಸರದಿ, ಅದು ಊರ ಕಟ್ಟಳೆ.

ಅದೇ ಊರಲ್ಲಿ ಸುಣ್ಣ ಸುಡುವ ತಿಪ್ಪವ್ವ ಇದ್ದಳು. ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಆಟದ ದಿನ ಬಿದಿರ ಪುಟ್ಟಿ ತುಂಬ ಸುಣ್ಣ ತಂದು ಬಯಲಿಗೆ ಗೆರೆ ಎಳೆಯುತ್ತಿದ್ದಳು. ಯಾರೂ ಹೇಳಿದ್ದಲ್ಲ, ಅವಳೇ ಹಚ್ಚಿಕೊಂಡದ್ದು. ಅವಳ ಗೆರೆ ದಾಟಲು ಹದ್ದೂ ಅನುಮಾನಿಸುತ್ತಿತ್ತಂತೆ. ನಾನೇನೂ ನೋಡಿಲ್ಲ, ಹೇಳಿದವರು ಹೇಳಿದ್ದು. ಪುಟ್ಟಿ ಕಂಕುಳಲ್ಲಿಟ್ಟು ಆಟ ನೋಡುತ್ತ ನಿಂತರೆ ಅವಳಿಗೆ ಮನೆ ತುಂಬ ಮಕ್ಕಳಿದ್ದಷ್ಟು ಖುಷಿ.

ಆದರೆ ಬರುಬರುತ್ತಾ ಚಿನ್ನಿಗಿಂತ ತಲೆಗೆ ಬೀಳುವ ಪೆಟ್ಟೇ ಹೆಚ್ಚಾಯಿತಂತೆ. ಊರ ಯಜಮಾನರಾದ ದೇಸಾಯರಿಗೆ ಜಗಳ ಬಿಡಿಸಿ ಬಿಡಿಸಿ ಸಾಕಾಯಿತು. ಇನ್ನೊಮ್ಮೆ ಹೊಡೆದಾಡಿದರೆ ಬಯಲಿಗೆ ನೇಗಿಲು ಹೂಡಿಸಿ ಮೆಣಸಿನಗಿಡ ಹಚ್ಚಿಸುತ್ತೇನೆ ಅಂದರಂತೆ. ತಿಪ್ಪವ್ವನಿಗೆ ಅವತ್ತಿನಿಂದ ಅನ್ನ ಸೇರಲಿಲ್ಲ.

ಯುಗಾದಿಯ ಪಂದ್ಯ ಬಂತು. ಕೆರೆದಂಡೆಯ ಬರಮ ದಾಂಡು ಬೀಸಿದ. ಚಿನ್ನಿ ಮುಗಿಲಿಗೆ ಹೋಗಿ ಇಳಿಯುವಷ್ಟರಲ್ಲಿ ಜನ ಎಲೆಅಡಿಕೆ ಹಾಕಿಕೊಂಡರಂತೆ. ಇಳಿದದ್ದು ಎಲ್ಲಿಗೆ? ತಿಪ್ಪವ್ವನ ಪುಟ್ಟಿಗೆ. ನೆಲ ಮುಟ್ಟಲಿಲ್ಲ, ಬರಮನ ಸರದಿ ಮುಗಿಯಿತು ಅಂತ ಕೋಟೆಬಾಗಿಲಿನವರು. ಹಿಡಿದವರು ನೀವಲ್ಲ, ಮುಗಿದಿಲ್ಲ ಅಂತ ಕೆರೆದಂಡೆಯವರು. ದಾಂಡುಗಳು ಮೇಲೆದ್ದವು. ಕಟ್ಟೆಯ ಮೇಲೆ ಕೂತಿದ್ದ ದೇಸಾಯರು ಆಳನ್ನು ಕರೆದು ಎತ್ತು ತರಲು ಹೇಳಿದರಂತೆ.

ಆಗ ತಿಪ್ಪವ್ವ ನಡುವೆ ಹೋಗಿ ನಿಂತಳು. "ಹಿಡದಾಕಿ ನಾನು. ಹಿಡದವರು ಮುಂದ ಆಡಬೇಕು, ಹೌದಿಲ್ಲೋ? ತಾ ಇಲ್ಲೆ ದಾಂಡ" ಅಂದಳಂತೆ.

ಕಟ್ಟಳೆಗೆ ಎದುರಾಡುವವರು ಯಾರು? ಬರಮ ದಾಂಡು ಕೊಟ್ಟ. ತಿಪ್ಪವ್ವ ಸೆರಗು ಸಿಕ್ಕಿಸಿ ಹೊಡೆದಳು ನೋಡಿ, ಸುಣ್ಣ ಮೆತ್ತಿದ ಚಿನ್ನಿ ಹಾರಿ ದೇಸಾಯರ ತಲೆಯ ರುಮಾಲನ್ನೇ ಕೆಡವಿತಂತೆ. ಊರೆಲ್ಲ ಕಟ್ಟೆಯತ್ತ ತಿರುಗಿತು. ದೇಸಾಯರ ಬೋಳುತಲೆಯ ಮೇಲೆ ಬೆಳ್ಳನೆ ಸುಣ್ಣ. ಮೊದಲು ನಕ್ಕವರು ಅವರೇ ಅಂತಾರೆ, ಅವರ ಹೆಂಡತಿ ಅಂತಲೂ ಅಂತಾರೆ. ಆಮೇಲೆ ಎರಡೂ ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆ ಹಿಡಿದ ಕೈ ದಾಂಡು ಎತ್ತೀತೆ? ಎತ್ತುಗಳು ಕೊಟ್ಟಿಗೆಗೆ ತಿರುಗಿದವು.

ತಿಪ್ಪವ್ವ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಆ ಬಯಲಲ್ಲಿ ಜಗಳ ಶುರುವಾದರೆ ಚಿನ್ನಿಗೆ ಸುಣ್ಣ ಹಚ್ಚಿ, ನೋಡಲು ಬಂದ ಯಾವುದಾದರೂ ಅಜ್ಜಿಯ ಕೈಗೆ ದಾಂಡು ಕೊಡುತ್ತಾರೆ. ಆ ಹೊಡೆತ ಯಾವ ತಂಡದ ಲೆಕ್ಕಕ್ಕೂ ಇಲ್ಲ. ಕಟ್ಟೆಯ ಮೇಲಿನ ದೊಡ್ಡವರು ಮಾತ್ರ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.