ಮಠದ ಕಾರಿನ ಫಿಲ್ಟರು

ಮಲಪ್ರಭೆಯ ದಂಡೆಗೆ ಹತ್ತಿಕೊಂಡು ನಿರುಪಾದಿ ಅಜ್ಜನ ಮಠ. ಮಠ ಎನ್ನುವುದು ಮಾತಿಗೆ. ಇದ್ದದ್ದು ಎರಡು ಕೋಣೆ, ಒಂದು ಬೇವಿನ ಮರ, ಭಕ್ತರೊಬ್ಬರು ಕೊಂಡ ವರ್ಷವೇ ಬಿಟ್ಟುಕೊಟ್ಟ ಒಂದು ಕಾರು.

ಆ ಕಾರು ಅಜ್ಜನ ಸವಾರಿಗಲ್ಲ. ಸುತ್ತಲಿನ ಹಳ್ಳಿಗಳ ಕಾಯಿಲೆಯವರನ್ನು ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಗೆ ಮುಟ್ಟಿಸಿ ಕರೆತರುವುದು ಅದರ ಕೆಲಸ. ಓಡಿಸುವವನು ಶಿಷ್ಯ ಅಡಿವೆಪ್ಪ.

ಅಡಿವೆಪ್ಪ ಮಡಿಯಲ್ಲಿ ಎತ್ತಿದ ಕೈ. ದಿನಾ ಬೆಳಿಗ್ಗೆ ತಾನು ಮಿಂದಾದ ಮೇಲೆ ಕಾರನ್ನೂ ಮೀಯಿಸುತ್ತಿದ್ದ. ಬಂದು ನಾಲ್ಕು ವರ್ಷವಾದರೂ ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಅವನು ಬಿಚ್ಚಿರಲಿಲ್ಲ. ಕಾಯಿಲೆಯವರು ಬೆವತು ಅದಕ್ಕೆ ಅಂಟಿಕೊಂಡು ಕೂರುತ್ತಿದ್ದರು. ಸೀಟು ಮಾತ್ರ ಹೊಸದಾಗಿಯೇ ಇತ್ತು.

ಒಂದು ದಿನ ಅವನು ಬಂದು ಅಜ್ಜನ ಪಾದ ಮುಟ್ಟಿದ.

"ಅಜ್ಜಾರ, ಅಪ್ಪಣಿ ಕೊಡ್ರಿ. ಒಂದ ವರ್ಷ ಗವಿಗೆ ಹೋಗತೇನಿ. ಮೌನ ಹಿಡೀತೇನಿ."

ಹೊಳೆಯ ಮೇಲ್ದಂಡೆಯಲ್ಲಿ ಒಂದು ಗವಿ ಇತ್ತು. ಹಿಂದಿನ ಅಜ್ಜಂದಿರು ಅಲ್ಲಿ ಕೂತು ಎದ್ದವರು.

"ಯಾಕ?" ಎಂದರು ಅಜ್ಜ.

"ಕಾರಿನಾಗ ಕುಂತ ಮಂದಿ ಹೊಟ್ಯಾಗಿಂದೆಲ್ಲಾ ನನ್ನ ಕಿವ್ಯಾಗ ಸುರೀತಾರ್ರಿ. ಧ್ಯಾನಕ್ಕ ಕುಂತರ ಅದ ಬರತೈತಿ. ನನ್ನ ಒಳಗೆಲ್ಲಾ ಹೊಲಸ ಆಗೇತ್ರಿ."

ಸುಳ್ಳಲ್ಲ. ಒಬ್ಬಳಿಗೆ ಮಗ ಹೊಡೆಯುತ್ತಾನೆ, ಇನ್ನೊಬ್ಬನಿಗೆ ಗಂಟಲ ಗಂಟು ಯಾತರದೋ ಎಂಬ ಹೆದರಿಕೆ. ಆಸ್ಪತ್ರೆಗೆ ಹೋಗುವವರಿಗೆ ದಾರಿಯಲ್ಲಿ ಬಾಯಿ ಬಿಡದೆ ಆಗುವುದಿಲ್ಲ, ಓಡಿಸುವವನಿಗೆ ಎದ್ದು ಹೋಗಲು ಆಗುವುದಿಲ್ಲ. ಮನಸ್ಸು ಹಗುರಾಗಲೆಂದು ಮಠಕ್ಕೆ ಬಂದವನಿಗೆ ಕಾರು ಹಿಡಿದ ನಾಲ್ಕು ವರ್ಷದಲ್ಲಿ ಅದು ತುಂಬಿ ಭಾರವಾಗಿತ್ತು. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಅಜ್ಜ ಅಂಗಳದ ಕಾರಿನ ಕಡೆ ಕೈ ತೋರಿಸಿದರು.

"ಕಾರಿನಾಗ ಗಾಳಿ ನಾರತೈತಂತ. ಮೊದಲ ಅದನ್ನ ಸರಿ ಮಾಡು. ಬೇಸ್ತವಾರ ಶಾವಂತ್ರವ್ವನ್ನ ದವಾಖಾನಿಗೆ ಮುಟ್ಟಿಸಿ ಬಾ. ಗವಿ ಮಾತು ಆಮ್ಯಾಲೆ."

ಶಾವಂತ್ರವ್ವ ಇಪ್ಪತ್ತು ವರ್ಷ ಕ್ರಷರಿನಲ್ಲಿ ಕಲ್ಲು ಹೊತ್ತವಳು. ಆ ಕಲ್ಲಿನ ಪುಡಿ ಅವಳ ಪುಪ್ಪುಸದಲ್ಲಿ ಕೂತುಬಿಟ್ಟಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಚಿಕಿತ್ಸೆ ತೆಗೆದುಕೊಳ್ಳಲೇಬೇಕು, ತಪ್ಪಿಸಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ದಾರಿ ಇದ್ದದ್ದೇ ಕ್ರಷರುಗಳ ನಡುವೆ. ಗಾಜು ಇಳಿಸಿದರೆ ಕಲ್ಲಿನ ಧೂಳು. ಏರಿಸಿ ಎ.ಸಿ. ಹಾಕಿದರೆ ಕಿಂಡಿಗಳಿಂದ ಹಳೇ ಗೋಣಿಚೀಲದ ವಾಸನೆ, ಗಾಳಿಯೂ ಒಂದಿಷ್ಟೇ. ಹಿಂದಿನ ವಾರ ಅವಳು ನಡುದಾರಿಯಲ್ಲೇ ಕಾರು ನಿಲ್ಲಿಸಿ ಇಳಿದು, ರಸ್ತೆಯ ಪಕ್ಕ ಕೂತುಬಿಟ್ಟಿದ್ದಳು. ಇನ್ನು ಈ ಕಾರು ಹತ್ತುವುದಿಲ್ಲ ಎಂದಿದ್ದಳು. ಆ ದಾರಿಗೆ ಬಸ್ಸೂ ಇಲ್ಲ.

ಅಡಿವೆಪ್ಪ ಮೊದಲು ಮಾಡಿದ್ದು ಮಲ್ಲಿಗೆ ವಾಸನೆಯ ಒಂದು ಸೆಂಟಿನ ಬಾಟಲಿ ತಂದು ಕನ್ನಡಿಗೆ ಕಟ್ಟಿದ್ದು. ಅಜ್ಜ ಕಾರಿನೊಳಗೆ ಒಮ್ಮೆ ಮೂಗು ಹಾಕಿದರು. ಬಾಟಲಿಯನ್ನು ಬಿಚ್ಚಿ ಕೊಂಡುಹೋಗಿ ಪಾಯಖಾನೆಯ ಗೂಡಿನಲ್ಲಿಟ್ಟು ಬಂದರು.

ಆಮೇಲೆ ಅವನು ಗ್ಯಾರೇಜಿಗೆ ಹೋದ. ಒಳಗೆ ಬರುವ ಗಾಳಿಗೆ ಒಂದು ಫಿಲ್ಟರು ಇರುತ್ತದೆ, ಅದು ಕಟ್ಟಿಕೊಂಡಿದೆ, ಬದಲಿಸಬೇಕು ಎಂದರು ಅಲ್ಲಿನವರು. ಅವರು ಹೇಳಿದಷ್ಟು ದುಡ್ಡು ಮಠದ ಡಬ್ಬಿಯಲ್ಲಿ ಇರಲಿಲ್ಲ. ಪಕ್ಕದಲ್ಲೇ ದಸ್ತಗೀರ ಸಾಹೇಬರ ಸ್ಪೇರ್ ಪಾರ್ಟಿನ ಅಂಗಡಿ. ಬರೀ ಫಿಲ್ಟರು ಕೊಂಡರೆ ಮುನ್ನೂರು ರೂಪಾಯಿ, ಕೂಲಿ ನಿನ್ನ ಕೈಯಲ್ಲೇ ಇದೆಯಲ್ಲ ಎಂದು ಸಾಹೇಬರು ನಕ್ಕರು. ಮಗ್ಗುಲ ಸೀಟಿನ ಮುಂದಿನ ಖಾನೆ ಬರಿದು ಮಾಡು, ಎರಡೂ ಬದಿ ಒಳಕ್ಕೆ ಒತ್ತು, ತಾನೇ ಜೋತು ಬೀಳುತ್ತದೆ; ಹಿಂದೊಂದು ತೆಳು ಮುಚ್ಚಳ, ಅದರೊಳಗೆ ಫಿಲ್ಟರು; ಹೊಸದರ ಮೇಲಿನ ಬಾಣದ ಗುರುತು ಕೆಳಮುಖವಾಗಿರಲಿ. ಸ್ಕ್ರೂ ಡ್ರೈವರೂ ಬೇಡ, ಹತ್ತು ನಿಮಿಷದ ಕೆಲಸ ಎಂದು ಹೇಳಿಕೊಟ್ಟರು.

ಹೊರಟವನನ್ನು ಕರೆದು ಇನ್ನೊಂದು ಮಾತು ಸೇರಿಸಿದರು. "ನಿಮ್ಮ ದಾರಿ ಧೂಳಿಂದು. ಆರ ತಿಂಗಳಿಗೊಮ್ಮೆ ತಗದ ನೋಡು. ಕರ್ರಗ ಆಗಿದ್ದರ ಬ್ಯಾಸರ ಮಾಡಕೋಬ್ಯಾಡ. ದುಡದೇತಿ ಅಂತ ಅರ್ಥ."

ಬೇವಿನ ನೆರಳಲ್ಲಿ ಕಾರು ನಿಲ್ಲಿಸಿ ಅಡಿವೆಪ್ಪ ಕೆಲಸಕ್ಕೆ ಕೂತ. ಖಾನೆಯೊಳಗಿನ ವಿಭೂತಿಯ ಗಟ್ಟಿ, ಕಾಯಿಲೆಯವರ ಚೀಟಿಗಳು, ಒಣಗಿದ ಬಿಲ್ವಪತ್ರೆ ಎಲ್ಲ ತೆಗೆದಿಟ್ಟ. ಖಾನೆ ಜೋತುಬಿತ್ತು. ಮುಚ್ಚಳ ಬಿಚ್ಚಿ ಹಳೆಯದನ್ನು ಎಳೆದ.

ನಾಲ್ಕು ವರ್ಷದ ಕಲ್ಲುಪುಡಿ, ಬೇವಿನ ಹೂವು, ಹೊಟ್ಟು, ಯಾವುದೋ ಹುಳದ ರೆಕ್ಕೆ, ಎಲ್ಲ ಸೇರಿ ಕರ್ರಗೆ ಗಟ್ಟಿಯಾಗಿತ್ತು. ಎರಡೇ ಬೆರಳಲ್ಲಿ ಹಿಡಿದು ಒಯ್ದು ಬೂದಿಗುಂಡಿಗೆ ಎಸೆದು ಬಂದ. ಮೂರು ಸಲ ಕೈ ತೊಳೆದ.

ಹೊಸದು ಅಚ್ಚ ಬಿಳುಪು. ಇಸ್ತ್ರಿ ಮಾಡಿದ ಧೋತರದ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ, ತೆಳ್ಳನೆಯ ಪಾರದರ್ಶಕ ಕವರಿನಲ್ಲಿತ್ತು. ಅವನಿಗೆ ಅದನ್ನು ನೋಡಿಯೇ ಸಂತೋಷವಾಯಿತು. ಇಂಥದನ್ನು ಆ ಕಪ್ಪು ಕಿಂಡಿಗೆ ಬರಿಮೈಯಲ್ಲಿ ತಳ್ಳುವುದು ಹೇಗೆ? ಸೀಟಿನ ಕವರು ನೆನಪಾಯಿತು. ಕವರು ಇದ್ದದ್ದಕ್ಕಲ್ಲವೇ ನಾಲ್ಕು ವರ್ಷ ಸೀಟು ಹೊಸದಾಗಿ ಉಳಿದದ್ದು?

ಬಾಣ ಕೆಳಮುಖ ಮಾಡಿ, ಫಿಲ್ಟರನ್ನು ಕವರಿನ ಸಮೇತ ಕೂರಿಸಿ, ಮುಚ್ಚಳ ಹಾಕಿದ. ಆಯಿತು ಎಂದು ಅಜ್ಜನಿಗೆ ಹೇಳಿದ. ಅಜ್ಜ ಶಾವಂತ್ರವ್ವನಿಗೆ ಹೇಳಿಕಳಿಸಿದರು. ಅಜ್ಜನೇ ಹೇಳಿಕಳಿಸಿದ ಮೇಲೆ ಅವಳು ಒಲ್ಲೆ ಎನ್ನಲಿಲ್ಲ.

ಬೇಸ್ತವಾರ ಬೆಳಗಾಗುವ ಹೊತ್ತಿಗೆ ಅಡಿವೆಪ್ಪನ ಗಂಟು ಕಟ್ಟಿ ಮುಗಿದಿತ್ತು. ಒಂದು ಕಂಬಳಿ, ಒಂದು ತಟ್ಟೆ, ಎರಡು ಧೋತರ. ಅಪ್ಪಣೆ ಸಿಗುವುದು ಸಂಜೆಗಾದರೂ ಅವನ ಮನಸ್ಸು ಆಗಲೇ ಗವಿ ಸೇರಿತ್ತು. ಶಾವಂತ್ರವ್ವ ಹಿಂದಿನ ಸೀಟಿನಲ್ಲಿ ಕೂತು, ಮೊಮ್ಮಗಳ ಮಾತು ತೆಗೆಯುವಷ್ಟರಲ್ಲಿ ತಡೆದ.

"ಯವ್ವಾ, ಇವತ್ತ ನನಗ ಮೌನ. ಊರು ಮುಟ್ಟೂತನಕ ಮಾತಾಡಬ್ಯಾಡ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ಸಾಧುಗಳ ವ್ರತ ತನ್ನಿಂದ ಕೆಡಬಾರದು ಎಂಬುದು ಅವಳ ಭಾವ.

ಕ್ರಷರುಗಳ ದಾರಿ ಬಂತು. ಅವನು ಗಾಜು ಏರಿಸಿ ಎ.ಸಿ. ಹಾಕಿದ. ಫ್ಯಾನಿನ ಸದ್ದು ಜೋರಾಯಿತೇ ಹೊರತು ಮುಖಕ್ಕೆ ಗಾಳಿ ಬರಲಿಲ್ಲ. ಹೊಸದಲ್ಲವೇ, ಹೊಂದಿಕೊಳ್ಳಬೇಕು ಎಂದುಕೊಂಡ. ಕತ್ತಿನ ಬೆವರು ಒರೆಸಿಕೊಂಡು ಜಪ ಮುಂದುವರಿಸಿದ.

ಹಿಂದಿನಿಂದ ಒಂದು ಮಾತಿಲ್ಲ, ಒಂದು ನಿಟ್ಟುಸಿರಿನ ಕತೆಯಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಕಾರು ನಿಶ್ಶಬ್ದವಾಗಿತ್ತು. ಅವನಿಗೆ ಹಾಯೆನಿಸಿತು. ಗವಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡ.

ಆಗ ಗಾಜಿನ ಮೇಲೆ ಬೆರಳು ಬಡಿದ ಸಪ್ಪಳ ಕೇಳಿತು. ಬಹಳ ಸಣ್ಣ ಸಪ್ಪಳ. ಅವನು ಕನ್ನಡಿ ನೋಡಿದ.

ಶಾವಂತ್ರವ್ವ ಬಾಗಿಲಿಗೆ ಒರಗಿದ್ದಳು. ತುಟಿ ನೀಲಿಗಟ್ಟಿತ್ತು, ಎದೆ ಮೇಲೆಕೆಳಗೆ ಏರಿಳಿಯುತ್ತಿತ್ತು. ಒಂದು ಕೈ ಗಾಜು ಬಡಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಸೆರಗು ಬಾಯಿಯ ಹತ್ತಿರವೇ ಇತ್ತು. ಮಾತಾಡಬೇಡ ಎಂದಿದ್ದನಲ್ಲ.

ಅಡಿವೆಪ್ಪ ಕಾರು ನಿಲ್ಲಿಸಿ ಇಳಿದು ಅವಳ ಬಾಗಿಲು ತೆರೆದ. ಎರಡೂ ಬದಿಯ ಕ್ರಷರಿನ ಬಿಳಿ ಧೂಳು ಒಳಕ್ಕೆ ನುಗ್ಗಿತು. ಅವಳು ಇನ್ನಷ್ಟು ಒದ್ದಾಡಿದಳು. ಬಾಗಿಲು ಮುಚ್ಚಿದ. ಒಳಗೂ ಗಾಳಿಯಿಲ್ಲ, ಹೊರಗೂ ಗಾಳಿಯಿಲ್ಲ.

ಅವನು ಒಳಗೆ ನುಗ್ಗಿ ಮುಂದಿನ ಖಾನೆಗೆ ಕೈಹಾಕಿದ. ವಿಭೂತಿ, ಚೀಟಿ, ಪತ್ರೆ ಎಲ್ಲ ಕಾಲಡಿಗೆ ಬಿದ್ದವು. ಖಾನೆ ಜೋತುಬಿತ್ತು, ಮುಚ್ಚಳ ಬಿಚ್ಚಿತು.

ಕವರಿನೊಳಗೆ ಫಿಲ್ಟರು ಅಂಗಡಿಯಿಂದ ತಂದಾಗ ಇದ್ದ ಹಾಗೇ ಬೆಳ್ಳಗಿತ್ತು. ಒಂದು ಚುಕ್ಕೆ ಧೂಳೂ ಹತ್ತಿರಲಿಲ್ಲ.

ಅವನು ಕವರನ್ನು ಹಲ್ಲಿನಿಂದ ಕಚ್ಚಿ ಹರಿದ. ಫಿಲ್ಟರನ್ನು ತಳ್ಳಿ ಮುಚ್ಚಿದ. ಫ್ಯಾನು ಪೂರ್ತಿ ತಿರುಗಿಸಿದ. ತಣ್ಣನೆಯ ಗಾಳಿ ಭರ್ ಎಂದು ಬಂತು. ಶಾವಂತ್ರವ್ವನನ್ನು ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿ, ಕಿಂಡಿಗಳನ್ನೆಲ್ಲ ಅವಳ ಕಡೆ ಹೊರಳಿಸಿದ. ಆಸ್ಪತ್ರೆಯವರು ಕೊಟ್ಟಿದ್ದ ಉಸಿರಿನ ಪಂಪನ್ನು ಅವಳ ಚೀಲದಿಂದ ತೆಗೆದು ಬಾಯಿಗೆ ಹಿಡಿದ. ಬೆನ್ನು ನೀವಿದ.

"ಉಸರ ತಗೋ ಯವ್ವಾ. ಮಾತಾಡು. ಏನರ ಮಾತಾಡು."

ಸುಮಾರು ಹೊತ್ತಿನ ಮೇಲೆ ಅವಳ ಎದೆಯ ಏರಿಳಿತ ಒಂದು ಹದಕ್ಕೆ ಬಂತು. ಕಣ್ಣು ತೆರೆದು ಅವನನ್ನು ನೋಡಿದಳು.

"ನನ್ನ ಸಲುವಾಗಿ ನಿನ್ನ ಮೌನ ಮುರೀತಲ್ಲೋ ತಮ್ಮಾ," ಎಂದಳು.

ಅಡಿವೆಪ್ಪ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿದರು. ಹೊರಗೆ ಕಾಯುವಾಗ ಅವನು ಸೀಟುಗಳ ಪ್ಲಾಸ್ಟಿಕ್ಕನ್ನು ಹರಿದು ಹರಿದು ತೆಗೆದ. ಕಸದ ಡಬ್ಬಿ ತುಂಬಿತು.

ಇಳಿಹೊತ್ತಿಗೆ ಆಸ್ಪತ್ರೆಯವರು ಬಿಟ್ಟ ಮೇಲೆ ವಾಪಸು ಬರುವಾಗ ಅವಳು ಅವನ ಮಗ್ಗುಲಲ್ಲೇ ಕೂತಳು. ದಾರಿಯುದ್ದಕ್ಕೂ ಮಾತಾಡಿದಳು. ಗಂಡನೂ ಇದೇ ಕೆಮ್ಮಿನಲ್ಲಿ ಹೋದದ್ದು, ಕಡೆಯ ರಾತ್ರಿ ಅವನು ಕಲ್ಲು ಇಳಿಸಿಕೋ ಕಲ್ಲು ಇಳಿಸಿಕೋ ಎಂದು ಕನವರಿಸಿದ್ದು, ಅದನ್ನು ಇವತ್ತಿನವರೆಗೆ ಮಗಳಿಗೂ ಹೇಳದೆ ಇಟ್ಟುಕೊಂಡದ್ದು. ಅವಳು ನಿಲ್ಲಿಸಿದಾಗಲೆಲ್ಲ ಅಡಿವೆಪ್ಪ ಆಮೇಲೆ ಏನಾಯಿತು ಎಂದು ಕೇಳಿದ. ಅವಳನ್ನು ಮನೆಯ ಮುಂದೆ ಇಳಿಸಿ, ಬಾಗಿಲವರೆಗೆ ನಡೆಸಿ ಬಂದ.

ಮಠಕ್ಕೆ ಬಂದಾಗ ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಮುಂದೆ ಒಂದು ಬಿಳಿ ಅರಿವೆ, ಅದರ ಮೇಲೆ ಬೂದಿಗುಂಡಿಯಿಂದ ಎತ್ತಿತಂದ ಹಳೆಯ ಫಿಲ್ಟರು.

ಅಡಿವೆಪ್ಪ ಎದುರು ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ಕವರ ಯಾಕ ಬಿಚ್ಚಲಿಲ್ಲ?" ಎಂದು ಅಜ್ಜ ಕೇಳಿದರು.

"ಹೊಲಸ ಆಗಬಾರದಂತ್ರಿ."

ಅಜ್ಜನ ಮುಖ ಬಾಡಿತು. ಕಳಿಸುವ ಮೊದಲು ತಾನೂ ಬಂದು ನೋಡಬೇಕಿತ್ತು, ಆ ಅವ್ವನ ಮುಂದೆ ತನ್ನದೂ ತಪ್ಪಿದೆ ಎಂದರು.

ಆಮೇಲೆ ಅಜ್ಜ ಆ ಹಳೆಯ ಫಿಲ್ಟರನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಅವರ ಹಣೆಯ ವಿಭೂತಿಗೆ ಕಪ್ಪು ಹತ್ತಿತು. ಅದನ್ನು ಹಾಗೆಯೇ ಅಡಿವೆಪ್ಪನ ಕೈಗೆ ಕೊಟ್ಟರು.

ಅವನು ಈ ಸಲ ಎರಡೂ ಅಂಗೈ ಚಾಚಿ ಇಸಿದುಕೊಂಡ. ಮಡಿಕೆಗಳ ನಡುವೆ ಬೆರಳಾಡಿಸಿದ. ಕಲ್ಲಿನ ಪುಡಿ ನುಣ್ಣಗೆ ಬೆರಳಿಗೆ ಬಂತು. ನಾಲ್ಕು ವರ್ಷ ಆ ಕಾರಿನಲ್ಲಿ ಕೂತವರ ಮುಖಗಳು ಒಂದೊಂದಾಗಿ ನೆನಪಾದವು. ಕೈ ತೊಳೆಯಲು ಅವನು ಏಳಲಿಲ್ಲ.

ಗವಿಯ ಮಾತನ್ನು ಅವನು ಎತ್ತಲಿಲ್ಲ. ಅಜ್ಜನೇ ಎತ್ತಿದರು.

"ಗಂಟ ಕಟ್ಟಿದ್ದಿಯಲ್ಲಾ?"

"ಕಟ್ಟೇನ್ರಿ. ನೀವ ಹೆಂಗ ಅಂತೀರಿ ಹಂಗ."

"ಫಿಲ್ಟರ ಎಷ್ಟ ದಿನಕ್ಕೊಮ್ಮೆ ನೋಡ ಅಂದಾನ ದಸ್ತಗೀರ?"

"ಆರ ತಿಂಗಳಿಗೊಮ್ಮೆ ತಗದ ನೋಡ ಅಂದಾರ್ರಿ."

ಅಜ್ಜ ಅವನ ಭುಜ ಹಿಡಿದುಕೊಂಡು ಎದ್ದರು.

"ಹಂಗಾದರ ಇನ್ನೂ ಆರ ತಿಂಗಳ ಕಾರ ಓಡಿಸಿ ಬಾ. ನಿನ್ನನ್ನೂ ತಗದ ನೋಡತೇನಿ. ಕರ್ರಗ ಆಗಿದ್ದರ ಗವಿಗೆ ಕಳಸತೇನಿ."