ಗಂಟೆಗೆ ಬೇಡವಾದ ಬೆಳ್ಳಿ

ನಂಬದವರು ಈಗಲೇ ಎದ್ದು ಹೋಗಲಿ, ನಮಗೇನೂ ಬೇಸರವಿಲ್ಲ. ಆದರೆ ಹೋಗುವಾಗ ನಮ್ಮ ತೊರೆಹಾಳದ ಮಠದ ಗಂಟೆಯನ್ನೊಮ್ಮೆ ಬಾರಿಸಿ ಹೋಗಲಿ. ಹೊಳೆಯಾಚೆ ಮೇಯುವ ಎತ್ತು ಕೂಡ ಕಿವಿ ನಿಮಿರಿಸುತ್ತದೆ. ಅಂಥ ನಾದ ಸುತ್ತಿನ ಯಾವ ಊರಲ್ಲಾದರೂ ಇದ್ದರೆ ತಂದು ತೋರಿಸಲಿ! ಶ್ರೀ ಮುಪ್ಪಯ್ಯ ಸ್ವಾಮಿಗಳವರನ್ನು ಒಬ್ಬ ಕಂಚುಗಾರ ಊರೆದುರೇ ಗದರಿದ ದಿನ ಹುಟ್ಟಿದ ಗಂಟೆ ಅದು.

ಆ ಬೆಳಿಗ್ಗೆ ಸ್ವಾಮಿಗಳವರು ಬಾವಿಕಟ್ಟೆಯ ಮೇಲೆ ಕುಳಿತು ದಾಸೋಹದ ತಾಮ್ರದ ಕೊಡವನ್ನು ಹುಣಸೆಹುಳಿ ಹಚ್ಚಿ ತಾವೇ ತಿಕ್ಕುತ್ತಿದ್ದರು. ಕಂಚುಗಾರ ಮಾನಪ್ಪ ದಬದಬನೆ ಬಂದು ನಿಂತ. ಕೈ ಮುಗಿಯಲಿಲ್ಲ. ಅವನು ಕಾವಿಗೆ ಬಾಗುವ ಆಸಾಮಿಯೇ ಅಲ್ಲ.

"ಅಜ್ಜಾರ, ನಿಮ್ಮ ಮಂದಿ ಭಕ್ತಿನೇ ನನ್ನ ಗಂಟಿ ಕೊಂದದ!"

ಮಾತು ಸುಳ್ಳಲ್ಲ. ಮಂಜು ಮುಸುಕಿದಾಗ ದಂಡೆ ಕಾಣದೆ ದೋಣಿಗಳು ಬಂಡೆಗೆ ಬಡಿಯುತ್ತಿದ್ದವು. ಗಂಟೆಯ ಸದ್ದು ಹಿಡಿದು ದೋಣಿ ದಡ ಸೇರಲೆಂದು ಸ್ವಾಮಿಗಳವರು ಅದನ್ನು ಎರೆಯಲು ಹೇಳಿದ್ದರು. ಮಾನಪ್ಪ ಎರಡು ಸಲ ಎರೆದ. ಎರಡು ಸಲವೂ ಗಂಟೆ ಒಡೆದ ಗಡಿಗೆಯ ಹಾಗೆ 'ದಬ್' ಎಂದಿತು. ಏಕೆಂದರೆ ಮೂಸೆಯಲ್ಲಿ ರಸ ಕುದಿಯುವ ಹೊತ್ತಿಗೆ ಊರಿಗೆ ಊರೇ ಕಾಣಿಕೆ ಹಾಕಲು ಮುಗಿಬೀಳುತ್ತಿತ್ತು. ಅಂಬಿಗರು ಬಲೆಯ ಸೀಸದ ಗುಂಡು ಹಾಕಿದರು. ಹೆಂಗಸರು ಬೆಳ್ಳಿಯ ಕಾಲುಂಗುರ ಹಾಕಿದರು. ಯಾರೋ ತುಕ್ಕು ಹಿಡಿದ ಕುಡುಗೋಲನ್ನೂ ಬಿಡಲಿಲ್ಲ.

"ತಾಮ್ರ ಮೆತ್ತಗ, ತವರ ಅದಕ್ಕಿಂತ ಮೆತ್ತಗ," ಎಂದ ಮಾನಪ್ಪ. "ಎರಡೂ ಹದಕ್ಕ ಕೂಡಿದ್ರ ಕಲ್ಲಿನಂಗ ಗಟ್ಟಿ, ಬಡಿದ್ರ ಖಣಖಣ. ನಡುವ ಸೀಸ ಹೊಕ್ಕರ ದನಿ ಸತ್ತಂಗ. ಬೆಳ್ಳಿ ಗೆಜ್ಜಿಗೆ ಚಂದ, ಇದಕ್ಕಲ್ಲ."

"ಎರಡು ಮೆತ್ತನೆಯವು ಕೂಡಿ ಗಟ್ಟಿಯಾಗುತ್ತವೆಯೇ!" ಸ್ವಾಮಿಗಳವರು ಕೊಡ ಬದಿಗಿಟ್ಟು ಮಗುವಿನಂತೆ ಬೆರಗಾದರು. "ಹಾಗಿದ್ದರೆ ಅವರಿಗೆ ಬೇಡವೆನ್ನಬಾರದೇ?"

"ತಿಪ್ಪವ್ವ ಮುದುಕಿ ಕಣ್ಣೀರು ಸುರಿಸಿಕೋತ ಕಾಲುಂಗುರ ಕೊಟ್ಟಾಳ್ರಿ. ಹ್ಯಾಂಗ ಬ್ಯಾಡನ್ಲಿ? ನೀವ ಒಂದು ಅಪ್ಪಣಿ ಮಾಡಿಬಿಡ್ರಿ. ಈ ಸಲಾನೂ ಕೆಟ್ಟರ ನಾ ತಿದಿ ಮುರಿದು ಒಲಿಗೆ ಹಾಕಿ ಊರು ಬಿಡಾಂವ."

"ಕೊಡಬೇಡಿ ಎಂದು ನಾವು ಹೇಳಲಾರೆವು, ಮಾನಪ್ಪ. ಬೇಡ ಎನ್ನುವ ಮಾತು ನಿನ್ನ ಬಾಯಿಂದಲೇ ಬರಬೇಕು."

ಜಾರಿಕೊಂಡರು ಸ್ವಾಮಿಗಳು ಎಂದು ಗೊಣಗುತ್ತ ಮಾನಪ್ಪ ಹೊರಟುಹೋದ.

ಮೂರನೆಯ ಎರಕದ ದಿನ ಕುಲುಮೆ ಧಗಧಗಿಸುತ್ತಿತ್ತು. ಮಣ್ಣಿನ ಅಚ್ಚು ಕುಣಿಯಲ್ಲಿ ಬಾಯ್ದೆರೆದು ಕಾದಿತ್ತು. ಹಾಳು ಗಂಟೆಗಳನ್ನು ಬದಿಗೆಸೆದು, ಹೊಸ ತಾಮ್ರ, ಹೊಸ ತವರ ಕರಗಿಸಿದ್ದ ಮಾನಪ್ಪ. ಮಂದಿ ಮತ್ತೆ ಸಾಲು ನಿಂತರು. ಸಾಲಿನ ತಲೆಗೆ ಸ್ವಾಮಿಗಳವರೇ ನಿಂತಿದ್ದರು! ಲಿಂಗವನ್ನು ಶುಭ್ರವಸ್ತ್ರದಲ್ಲಿ ಕೊರಳಿಗೆ ಕಟ್ಟಿಕೊಂಡು, ಲಿಂಗವಿಡುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ಬರಿದು ಮಾಡಿ ಅಂಗೈಯಲ್ಲಿ ಹಿಡಿದಿದ್ದರು. ದೀಕ್ಷೆಯ ದಿನ ಗುರುಗಳು ಕೊಟ್ಟ ಕರಡಿಗೆ ಅದು. ಊರಿಗೆಲ್ಲ ಗೊತ್ತು.

ಸ್ವಾಮಿಗಳವರು ಮೂಸೆಯ ಮೇಲೆ ಕೈ ಚಾಚಿದರು.

ಮಾನಪ್ಪ ಮೂಸೆಯ ಬಳಿಗೆ ಧಾವಿಸಿದ. ಇವರಿಗೆ ಬೇಡವೆಂದರೆ ಜನ ಕೊಂದಾರು. ಸುಮ್ಮನಿದ್ದರೆ ಗಂಟೆ ಸತ್ತೀತು. ಒಳಗೆ ಕೆಂಪಗೆ ಹೊಳೆಯುವ ರಸವನ್ನು ನೋಡಿದ. ಅದು ಎಷ್ಟು ಶುದ್ಧವಾಗಿತ್ತೆಂದರೆ ಅವನಿಗೆ ತಡೆಯಲಾಗಲಿಲ್ಲ.

"ಬ್ಯಾಡ್ರೀ ಅಜ್ಜಾರ! ತಗೀರಿ ಕೈ!"

ತಿದಿ ಊದುವವರೂ ನಿಂತುಬಿಟ್ಟರು. ಗೌಡರು ಮೀಸೆ ಕುಣಿಸುತ್ತ ಮುಂದೆ ಬಂದರು, "ಯಾರಿಗೆ ಬ್ಯಾಡಂತೀಯೋ?"

ಸ್ವಾಮಿಗಳವರು ಕೈ ಹಿಂತೆಗೆದುಕೊಂಡರು. "ಕೆಲಸ ಬಲ್ಲವನು ಬೇಡವೆಂದ. ಆಗಲಿ," ಎಂದು ಹೋಗಿ ಬೇವಿನ ಬುಡದಲ್ಲಿ ನೆಲದ ಮೇಲೆ ಕುಳಿತರು. ಮುಖದ ಮೇಲೆ ಬೆಳದಿಂಗಳಂಥ ನಗು.

ಗೌಡರು ಕಾಣಿಕೆಗೆಂದು ಕಳಚಿದ್ದ ತಮ್ಮ ಬಂಗಾರದ ಉಂಗುರವನ್ನು ಮೆಲ್ಲಗೆ ಮತ್ತೆ ಬೆರಳಿಗೇರಿಸಿಕೊಂಡರು. ತಿಪ್ಪವ್ವ ಉಳಿದಿದ್ದ ಇನ್ನೊಂದು ಕಾಲುಂಗುರವನ್ನು ಸೆರಗಿಗೆ ಗಂಟು ಹಾಕುತ್ತ, "ಅಜ್ಜಾರ ಬೆಳ್ಳಿನೇ ಒಲ್ಲೆ ಅಂದಾಂವ, ನನ್ನದೇನು ಮುಟ್ಟತಾನ ತಗಿಯವ್ವ!" ಎಂದಳು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಯಾರ ಮನಸ್ಸೂ ನೋಯಲಿಲ್ಲ, ಯಾರ ಕಾಣಿಕೆಯೂ ಬೀಳಲಿಲ್ಲ. ರಸ ಅಚ್ಚಿಗಿಳಿಯಿತು.

ಅಚ್ಚು ಆರಿದ ಮೇಲೆ ಮಣ್ಣು ಒಡೆದು, ಗಂಟೆಯನ್ನು ತೊಲೆಗೆ ತೂಗುಹಾಕಿ, ಮಾನಪ್ಪ ಅದರ ನಾಲಗೆಯನ್ನು ಎಳೆದು ಬಿಟ್ಟ. ನಾದ ಹೊಳೆಯ ಮೇಲೆ ಹರಿದುಹೋಯಿತು. ಆಚೆ ದಂಡೆಯಿಂದ ಅಂಬಿಗರು, "ಕೇಳಿಸ್ತೋ! ಕೇಳಿಸ್ತು!" ಎಂದು ಕೂಗಿದರು. ಸ್ವಾಮಿಗಳವರು ಏಕೆ ತಾವಾಗಿಯೇ ಊರೆದುರು ಬೈಸಿಕೊಂಡರೆಂಬುದು ಆಗ ಮಾನಪ್ಪನಿಗೆ ಹೊಳೆಯಿತು. ಯಾರಿಗೂ ಬಾಗದ ಮಾನಪ್ಪ ಹೋಗಿ ಆ ಪಾದಗಳ ಮೇಲೆ ಅಡ್ಡಬಿದ್ದು ಬಹಳ ಹೊತ್ತು ಏಳಲಿಲ್ಲ.

ಸ್ವಾಮಿಗಳವರು ಅವನನ್ನು ಎಬ್ಬಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತಮ್ಮ ಕೈಯಾರೆ ಒಂದು ಚೊಂಬು ಮಜ್ಜಿಗೆ ಕೊಟ್ಟರು.